ಎಷ್ಟನೇ ಮನೆ

ಸಂಪಾಜೆಯ ಮೇಲಿನ ಗುಡ್ಡದಲ್ಲಿ ಒಂದೇ ಸಾಲಿಗೆ ಏಳು ಮನೆಗಳಿದ್ದವು. ರಸ್ತೆ ಕಡೆಯಿಂದ ನಾಲ್ಕನೆಯದು ಕೂಸಪ್ಪನದು. ಆ ದಿನ ಬೆಳಿಗ್ಗೆ ಮನೆಗಳ ಮೇಲ್ಗಡೆ ಮಣ್ಣು ಬಿರುಕು ಬಿಟ್ಟಾಗ ಅವನು ಮೊದಲು ತಾಯಿಯನ್ನು ಬೆನ್ನ ಮೇಲೆ ಹೊತ್ತು ಕೆಳಗಿನ ಶಾಲೆಗೆ ತಂದ. ಹಟ್ಟಿಯ ದನಗಳನ್ನು ಬಿಚ್ಚಿ ಹಿಂದೆಯೇ ಬರುತ್ತೇನೆಂದು ಹೆಂಡತಿ ಯಮುನ ಹೇಳಿದ್ದಳು. ಅವನು ವಾಪಸು ಹೊರಡುವಷ್ಟರಲ್ಲಿ ಗುಡ್ಡ ಜರಿದು ದಾರಿಯೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಕ್ಷಣಾ ತಂಡ ಬಂತು. ಹೊರರಾಜ್ಯದವರು, ಕನ್ನಡ ಬಾರದು. ಹಗ್ಗ ಕಟ್ಟಿಕೊಂಡು ರಸ್ತೆ ಕಡೆಯಿಂದ ಒಂದೊಂದೇ ಮನೆ ನೋಡುತ್ತಾ ಮುಂದೆ ಹೋದರು. ಶಾಲೆಯಲ್ಲಿದ್ದವರ ಪೈಕಿ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡಬಲ್ಲವಳು ಅಶ್ವಿತಾ ಒಬ್ಬಳೇ. ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅವಳಿಗೆ ತಂಡದ ಅಧಿಕಾರಿ ತನ್ನ ನಂಬರು ಕೊಟ್ಟಿದ್ದ.

ಯಮುನಳ ಫೋನ್ ಇನ್ನೂ ಸಿಗುತ್ತಿತ್ತು.

"ಅಂಗಳಲಿ ನೀರು ಹರೀತಾ ಉಟ್ಟು," ಎಂದಳು ಅವಳು. "ಅಡಿಗೆಮನೆ ಗೋಡೆ ಬಿರಿತಾ ಉಟ್ಟು. ನಾ ಹಿಂದೆ ತೋಟಕ್ಕೆ ಹತ್ತಿ ಹೋಕಾ?"

ಮನೆಯ ಹಿಂದಿನ ಕಾಫಿ ತೋಟ ಕಡಿದಾಗಿತ್ತು, ಜಾರಿದರೆ ಕೆಳಗೆ ಹರಿಯುವ ತೋಡಿಗೇ. ಹೋಗೆನ್ನಬೇಕೋ ಬೇಡವೆನ್ನಬೇಕೋ ಕೂಸಪ್ಪನಿಗೆ ತಿಳಿಯಲಿಲ್ಲ. ಫೋನನ್ನು ಕಿವಿಯಿಂದ ತೆಗೆಯದೆಯೇ ಅಶ್ವಿತಾಳ ಕಡೆ ತಿರುಗಿದ.

"ತಂಡದವು ಈಗ ಎಷ್ಟನೇ ಮನೆಲಿ ಒಳೊಂತ ಕೇಳ್ ಮಗಾ."

ಅಶ್ವಿತಾ ತನ್ನ ಫೋನಿನಲ್ಲಿ ಅಧಿಕಾರಿಗೆ ಕರೆ ಮಾಡಿದಳು. ಅತ್ತಲಿಂದ ಮಳೆಯ ಸದ್ದು, ಹಾರೆಯ ಸದ್ದು. ಎಷ್ಟನೇ ಮನೆ ಎನ್ನುವುದಕ್ಕೆ ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಕೂಸಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಹೌ ಮೆನಿ ಹೌಸಸ್, ಸರ್?" ಎಂದು ಕೇಳಿಬಿಟ್ಟಳು.

"ಫೋರ್," ಎಂದ ಅಧಿಕಾರಿ. ಮುಂದೆ ಇನ್ನೇನೋ ಹೇಳಿದ. ಅದು ಕೇಳಿಸುವ ಮೊದಲೇ ಕರೆ ಕಡಿಯಿತು.

"ನಾಲ್ಕು ಅಂದ್ರು ಮಾವ."

ಕೂಸಪ್ಪನ ಮುಖ ಅರಳಿತು. "ಯಮುನಾ, ಎಲ್ಲಿಗೂ ಹೋಗ್ಬೇಡ, ಅಲ್ಲೇ ಇರ್. ತಂಡದವು ನಮ್ಮ ಮನೆಗೇ ಬಂದೊ," ಎಂದ.

"ಸರಿ," ಎಂದಳು ಯಮುನ.

ಕಾಲು ಗಂಟೆ ಕಳೆದಿರಬಹುದು. ಗುಡ್ಡದ ಕಡೆಯಿಂದ ಬಂದ ಸದ್ದಿಗೆ ಶಾಲೆಯ ಕಿಟಕಿಗಳು ಅದುರಿದವು. ಆಮೇಲೆ ಯಮುನಳ ಫೋನ್ ಸಿಗಲಿಲ್ಲ.

ಸಂಜೆ ತಂಡದವರು ಮೂರನೇ ಮನೆಯ ಮುದುಕ ಸಾಂತಪ್ಪನನ್ನು ಸ್ಟ್ರೆಚರಿನಲ್ಲಿ ತಂದರು. ಅವನ ಕಾಲು ತೊಲೆಯ ಅಡಿ ಸಿಕ್ಕಿಬಿದ್ದಿತ್ತು, ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತಂತೆ. ಅಶ್ವಿತಾ ಅಧಿಕಾರಿಯನ್ನು ಪಕ್ಕಕ್ಕೆ ಕರೆದು, ನಾಲ್ಕನೇ ಮನೆಯಲ್ಲಿದ್ದ ಹೆಂಗಸು ಏನಾದಳೆಂದು ಕೇಳಿದಳು. ಆ ಮನೆಯನ್ನು ತಾವು ಮುಟ್ಟುವ ಮೊದಲೇ ಗುಡ್ಡ ಅದನ್ನು ಎಳೆದೊಯ್ದಿತು ಎಂದ ಅವನು. ನೀವು ಫೋನ್ ಮಾಡಿದಾಗ ಮೂರನೆಯದರಲ್ಲೇ ಇದ್ದೆವು, ಎಷ್ಟು ಮನೆ ಅಂದಿರಿ, ಇನ್ನು ನಾಲ್ಕು ಬಾಕಿ ಅಂದೆ ಎಂದ. ಅವನ ಮುಖದ ಮೇಲೆ ಕೆಸರು ಒಣಗಿತ್ತು.

ಅಶ್ವಿತಾ ಶಾಲೆಯ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಹೇಳದೆ ಇದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ನಲ್ಲಿ ನಿಲ್ಲಿಸಿ ನೇರ ಕೂಸಪ್ಪನ ಎದುರು ಬಂದು ಕುಳಿತಳು. ನಡೆದದ್ದನ್ನು ನಡೆದ ಹಾಗೇ ಹೇಳಿದಳು.

ಒಳಗಿನಿಂದ ಅವನ ತಾಯಿ, ಸೊಸೆ ಬಂದಳೇ ಎಂದು ಯಾರನ್ನೋ ಕೇಳುತ್ತಿದ್ದಳು.

"ಎಷ್ಟನೇ ಅಂತ ಕೇಳಿಕೆ ಇಂಗ್ಲಿಷ್‌ಲಿ ಮಾತೇ ಇಲ್ಲೆನಾ?" ಎಂದು ಕೂಸಪ್ಪ ಕೇಳಿದ.

"ಒಂದೇ ಮಾತಲ್ಲಿ ಇಲ್ಲ ಮಾವ. ಆದ್ರೆ ಬೇರೆ ಥರ ಕೇಳ್ಬಹುದಿತ್ತು. ಮೂರೋ ನಾಲ್ಕೋ ಅಂತ ಬಿಡಿಸಿ ಕೇಳ್ಬಹುದಿತ್ತು. ನಾನು ಕೇಳ್ಲಿಲ್ಲ."

"ಇರ್ ಅಂತ ಹೇಳ್ದ್ ನಾನ್," ಎಂದ ಕೂಸಪ್ಪ. ಎದ್ದು ತಾಯಿಯ ಬಳಿಗೆ ಹೋದ.

ಎರಡು ದಿನ ಅವನು ಅಶ್ವಿತಾಳ ಕಡೆ ನೋಡಲಿಲ್ಲ. ಅವಳೂ ಎದುರು ಸುಳಿಯಲಿಲ್ಲ. ಮೂರನೇ ದಿನ ತೋಡಿನ ಬದಿಯಲ್ಲಿ ಹೆಣವೊಂದು ಸಿಕ್ಕಿತು. ಗುರುತು ಹಿಡಿಯಲು ಬರಬೇಕೆಂದು ಅಧಿಕಾರಿ ಶಾಲೆಯ ಬಾಗಿಲಿಗೆ ಬಂದು ಕೈಸನ್ನೆ ಮಾಡಿದ. ಕೂಸಪ್ಪ ಎದ್ದ, ಹೊಸಿಲು ದಾಟಿ ನಿಂತ.

"ಅಶ್ವಿತಾ," ಎಂದು ಕರೆದ. "ನೀನೂ ಬಾ. ಅವರ ಮಾತು ನಂಗೆ ಗೊತ್ತಾದುಲೆ."

ಅವಳು ಚಪ್ಪಲಿ ಮೆಟ್ಟಿ ಅವನ ಹಿಂದೆ ಕೆಸರಿಗಿಳಿದಳು.