ಆರಿದ ಹನ್ನೊಂದು ಚಿಮಣಿಗಳು

ಏಳೂ ನಲವತ್ತೆಂಟಕ್ಕೆ ಡಬ್ಲಿನ್ ಹೊರವಲಯದ ಲೂಕನ್‌ನಿಂದ ಬಸ್ಸು, ಒಂಬತ್ತಕ್ಕೆ ಕಚೇರಿ, ಹನ್ನೆರಡಕ್ಕೆ ವರದಿಗೆ ಅವಳ ಸಹಿ, ಎರಡಕ್ಕೆ ಅವಳ ವರ್ಕ್ ಪರ್ಮಿಟ್ ನವೀಕರಣದ ಪತ್ರಕ್ಕೆ ಮೇಲಧಿಕಾರಿ ಸತ್ಯಪ್ರಕಾಶರ ಸಹಿ. ಈ ಅನುಕ್ರಮವನ್ನು ಭಾನುಮತಿ ಗೊತ್ತುಮಾಡಿರಲಿಲ್ಲ. ಎರಡು ಸಹಿಗಳಿಗೂ ಸಂಬಂಧವಿದೆಯೆಂದು ಯಾರೂ ಹೇಳಿಯೂ ಇರಲಿಲ್ಲ.

ವರದಿ ಒಂದು ತೈಲದ ದೇಶದ್ದು. ಅಲ್ಲಿ ಬಾವಿಯಿಂದ ತೈಲದೊಡನೆ ಏಳುವ ಅನಿಲವನ್ನು ಎತ್ತರದ ಚಿಮಣಿಗಳ ತುದಿಯಲ್ಲಿ ಸುಟ್ಟುಬಿಡುತ್ತಾರೆ. ಉಪಗ್ರಹ ಆ ಜ್ವಾಲೆಗಳನ್ನು ನೋಡುತ್ತದೆ. ಡಬ್ಲಿನ್‌ನ ಕಚೇರಿಯ ನಾಲ್ಕನೆಯ ಮಹಡಿಯಲ್ಲಿ ಕುಳಿತು ಭಾನುಮತಿ ಜ್ವಾಲೆಯ ಬೆಳಕಿನಿಂದ ಹೊರಸೂಸುವಿಕೆಯನ್ನು ಅಳೆಯುತ್ತಾಳೆ. ಎರಡು ವರ್ಷಗಳಲ್ಲಿ ಅದು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಮುಂದಿನ ವಾರ ಆ ದೇಶ ಹವಾಮಾನ ಸಮ್ಮೇಳನವೊಂದರಲ್ಲಿ ಇದನ್ನು ಸಾಧನೆಯೆಂದು ಘೋಷಿಸಲಿತ್ತು.

ಇಳಿಕೆಗೆ ಕಾರಣ ಹನ್ನೊಂದು ಚಿಮಣಿಗಳು. ಬಾವಿಗಳು ಮುಚ್ಚಿರಲಿಲ್ಲ, ತೈಲ ಮೊದಲಿನಷ್ಟೇ ಬರುತ್ತಿತ್ತು. ಬೆಂಕಿ ಮಾತ್ರ ಆರಿತ್ತು. ಅನಿಲ ಸುಡದೆ, ಹಸಿಯಾಗಿಯೇ ಆಕಾಶಕ್ಕೆ ಹೋಗುತ್ತಿತ್ತು. ಸುಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚು ಹಾನಿ.

ಆದರೆ ಅಳತೆಯ ವಿಧಾನ ಸ್ಪಷ್ಟವಾಗಿತ್ತು: ಜ್ವಾಲೆ ಕಾಣದಿದ್ದರೆ, ಸೊನ್ನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅದನ್ನು ಬರೆದವಳು ಅವಳೇ. ಅಚ್ಚುಕಟ್ಟಾಗಿದೆಯೆಂದು ಎಲ್ಲರೂ ಮೆಚ್ಚಿದ್ದರು.

ಹನ್ನೊಂದೂ ಇಪ್ಪತ್ತಕ್ಕೆ ಸತ್ಯಪ್ರಕಾಶ್ ಚಹಾದ ಮಗ್ ಹಿಡಿದು ಬಂದರು. ತಂಡದ ಮುಖ್ಯಸ್ಥರು, ಅವಳೊಬ್ಬಳ ಜೊತೆ ಮಾತ್ರ ಕನ್ನಡ.

“ಏನಮ್ಮಾ, ಇನ್ನೂ ಮುಗ್ದಿಲ್ವಾ?”

“ಸರ್, ಈ ಹನ್ನೊಂದು ಆರಿದಾವೆ ಅಷ್ಟೇ. ಗ್ಯಾಸ್ ಬರ್ತಾನೇ ಇದೆ.”

“ನೀನು ಹೋಗಿ ಮೂಸಿ ನೋಡಿದ್ಯಾ?”

“ತೈಲ ಕಮ್ಮಿ ಆಗಿಲ್ವಲ್ಲ, ಸರ್.”

“ಪೈಪ್‌ಗೆ ಹಾಕಿರ್ತಾರೆ ಬಿಡು.”

“ಅಲ್ಲಿ ಪೈಪೇ ಇಲ್ಲ.”

ಅವರು ಕಲಕಿದ್ದ ಚಹಾವನ್ನು ಮತ್ತೊಮ್ಮೆ ಕಲಕಿದರು. “ಮೆಥಡ್ ಪ್ರಕಾರ ಎಷ್ಟು?”

“ಸೊನ್ನೆ.”

“ಮೆಥಡ್ ಯಾರ್ದು?”

ಅವಳು ಪರದೆಯನ್ನು ನೋಡಿದಳು.

“ಮತ್ತಿನ್ನೇನು, ಗ್ರ್ಯಾಂಡ್,” ಎಂದರು, ‘ಎಲ್ಲ ಸರಿ’ ಎನ್ನುವುದಕ್ಕೆ ಐರಿಷರು ಬಳಸುವ ಮಾತಿನಲ್ಲಿ. “ಅಂದಹಾಗೆ ನಿನ್ನ ಲೆಟರ್ ನನ್ ಟೇಬಲ್ ಮೇಲೇ ಇದೆ. ಪರ್ಮಿಟ್ ಯಾವತ್ತು ಮುಗಿಯತ್ತೆ?”

“ಇಪ್ಪತ್ತಾರಕ್ಕೆ.”

“ನೋಡು, ಬೇಕಾದಷ್ಟು ಟೈಮಿದೆ.”

ಅವಳು ಮೂರು ಸಾಲಿನ ಅಡಿಟಿಪ್ಪಣಿ ಬರೆದಳು. ಎರಡಕ್ಕಿಳಿಸಿದಳು. ಒಂದೇ ಸಾಲಾದಾಗ ಅದರಲ್ಲಿ ಅನಿಲವೆಂಬ ಪದವೇ ಉಳಿದಿರಲಿಲ್ಲ, ಅದನ್ನೂ ಅಳಿಸಿದಳು. ಹನ್ನೊಂದೂ ಐವತ್ತೆಂಟಕ್ಕೆ ಸಹಿ ಹಾಕಿದಳು. ಎರಡು ನಿಮಿಷ ಉಳಿದವು. ಅವುಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಎರಡಕ್ಕೆ ಪತ್ರ ಬಂತು. ಅದರಲ್ಲಿ ಅವಳನ್ನು ‘ನಿಖರತೆಯಲ್ಲಿ ರಾಜಿಯಿಲ್ಲದವರು’ ಎಂದು ಬಣ್ಣಿಸಲಾಗಿತ್ತು.

ಆರೂ ಹತ್ತಕ್ಕೆ ಮನೆ. ಬಾಗಿಲು ತೆರೆದಾಗ ಸೀದ ಹಾಲಿನ ವಾಸನೆ, ಅದರಡಿಯಲ್ಲಿ ಇನ್ನೊಂದು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಬರ್ನರನ್ನು ಮುಳುಗಿಸಿತ್ತು. ಮಾಲೀಕ ಬದಲಿಸುತ್ತೇನೆಂದು ಹೇಳುತ್ತಲೇ ಬಂದಿದ್ದ ಹಳೆಯ ಗ್ಯಾಸ್ ಒಲೆ. ಬೆಂಕಿ ಆರಿದರೆ ತಾನಾಗಿ ಮುಚ್ಚಿಕೊಳ್ಳದು. ತಿರುಪು ತೆರೆದೇ ಇತ್ತು. ಸಣ್ಣಗೆ, ಒಂದೇ ಸಮನೆ, ಸುಯ್ಯೆಂಬ ಸದ್ದು.

ಮಹಡಿಯಿಂದ ತನುಶ್ರೀ ಕೂಗಿದಳು. ಆಸ್ಪತ್ರೆಯ ಪಾಳಿಗೆ ಸಿದ್ಧಳಾಗುತ್ತಿದ್ದ, ಮನೆ ಹಂಚಿಕೊಂಡ ಗೆಳತಿ. “ಬಂದ್ಯೇನೇ? ಹಾಲಿಟ್ಟು ಮರ್ತೇಬಿಟ್ಟೆ ಕಣೇ! ಒಲೆ ಉರೀತಿದ್ಯಾ ನೋಡು!”

ಭಾನುಮತಿ ನೋಡಿದಳು.

“ಇಲ್ಲ.”

“ಸದ್ಯ! ಹಾಗಾದ್ರೆ ಆಫ್ ಮಾಡೇ ಬಂದಿದೀನಿ.”

ಭಾನುಮತಿಯ ಕೈ ತಿರುಪಿನ ಮೇಲಿತ್ತು. ಅವಳು ಅದನ್ನು ತಿರುಗಿಸಲಿಲ್ಲ. ಕಿಟಕಿ ಮುಚ್ಚಿತ್ತು. ಮೇಲೆ ತನುಶ್ರೀ ಏನನ್ನೋ ಗುನುಗುತ್ತಿದ್ದಳು. ಸಮಯ ಆರೂ ಹದಿಮೂರು.

ಜ್ವಾಲೆ: ಕಾಣುತ್ತಿಲ್ಲ. ಹೊರಸೂಸುವಿಕೆ: ಸೊನ್ನೆ.