ಎರಡು ಮಗ್ಗುಲಿನ ಹೋಳಿಗೆ

ನನ್ನ ಕೆಲಸ ಕಾರುಗಳನ್ನು ಉರುಳಿಸುವುದು. ಪ್ಲಿಮತ್‌ನ ಒಂದು ಆಟೋ ಸಪ್ಲೈಯರ್ ಕಂಪನಿಯಲ್ಲಿ, ಕಾರು ಪಲ್ಟಿ ಹೊಡೆದಾಗ ಒಳಗೆ ಕೂತ ಬೊಂಬೆಯ ಕತ್ತು ಏನಾಗುತ್ತದೆಂದು ನೋಡುವ ತಂಡದಲ್ಲಿದ್ದೇನೆ. ಹಾಗಾಗಿ ನಮ್ಮ ನಾಲ್ಕು ತಿಂಗಳ ಮಗ ಇಶಾನ್ ಒಂದು ಶುಕ್ರವಾರ ಬೆಳಿಗ್ಗೆ ಚಾಪೆಯ ಮೇಲೆ ಮೊದಲ ಬಾರಿಗೆ ಬೋರಲು ಬಿದ್ದಾಗ, ವೃತ್ತಿಪರ ಅಭಿಪ್ರಾಯ ಕೊಟ್ಟವನು ನಾನೇ.

"ಏರ್‌ಬ್ಯಾಗ್ ಓಪನ್ ಆಗ್ಲಿಲ್ಲ," ಅಂದೆ. "ಡ್ರೈವರ್ ಸೇಫ್."

ನನ್ನ ಹೆಂಡತಿ ಮಾಳವಿಕಾ ನಗಲಿಲ್ಲ. ಅವಳು ವಿಡಿಯೋ ಮಾಡುವುದರಲ್ಲಿದ್ದಳು, ನನ್ನ ಜೋಕೂ ರೆಕಾರ್ಡ್ ಆಗಿ ವಿಡಿಯೋ ಹಾಳಾಯಿತೆಂದು ಹುಬ್ಬು ಗಂಟಿಕ್ಕಿದಳು. ನಕ್ಕವರು ಅವಳ ತಾಯಿ, ನಮ್ಮ ಅತ್ತೆ ಸರಳಾ. ಧಾರವಾಡದವರು, ನಿವೃತ್ತ ಗಣಿತದ ಟೀಚರು. ಲಿಸ್ಲ್‌ನಲ್ಲಿರುವ ದೊಡ್ಡ ಮಗಳು ರೇಣುವಿನ ಮನೆಯಲ್ಲಿ ಸ್ವಲ್ಪ ದಿನ ಇದ್ದು, ಆಮೇಲೆ ಮೊಮ್ಮಗನನ್ನು ನೋಡಿಕೊಳ್ಳಲೆಂದು ಷಿಕಾಗೋ ಕಡೆಯಿಂದ ನಮ್ಮ ಕಡೆಗೆ ಬಂದಿದ್ದರು. ಮಾಳವಿಕಾಳ ಹೆರಿಗೆ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು.

"ಕೂಸು ಡಬ್ಬ ಬಿತ್ತು," ಅಂದರು ಅತ್ತೆ. ನಾನು ಯಾವ ಡಬ್ಬ ಬಿತ್ತೆಂದು ಅಡಿಗೆಮನೆಯ ಕಡೆ ನೋಡಿದೆ. ಧಾರವಾಡದಲ್ಲಿ ಬೋರಲು ಬೀಳುವುದೆಂದರೆ ಡಬ್ಬ ಬೀಳುವುದು. "ನಾಳೆ ಹೋಳಿಗಿ ಮಾಡಬೇಕು. ಕೂಸು ಹೊಳ್ಳಿತಂದ್ರ ಹೋಳಿಗಿ. ನಮ್ಮ ಮನ್ಯಾಗ ಪದ್ಧತಿ ಅದ."

"ಮೈಸೂರಲ್ಲಿ ಅದನ್ನ ಒಬ್ಬಟ್ಟು ಅಂತೀವಿ, ಅತ್ತೆ."

"ಅನ್ರಿ. ಹೋಳಿಗಿಗೇನು ಬ್ಯಾಸರಿಲ್ಲ."

ನನಗೊಂದು ಚಟವಿದೆ. ಎದುರಿಗಿದ್ದವರ ದನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ನಮ್ಮ ಮ್ಯಾನೇಜರು, ಮೈಕ್ರೋವೇವು, ದಾರಿ ಹೇಳುವ ಜಿಪಿಎಸ್ ಹೆಂಗಸು, ಯಾರನ್ನೂ ಬಿಟ್ಟಿಲ್ಲ. ಅತ್ತೆಯನ್ನು ಮಾತ್ರ ಅವರ ಬೆನ್ನ ಹಿಂದೆ ಮಾಡಬೇಕೆಂದು ಮನೆಯಲ್ಲಿ ಕರಾರಾಗಿತ್ತು.

ಅವತ್ತೇ ಮಧ್ಯಾಹ್ನ ಮಕ್ಕಳ ಡಾಕ್ಟರ ಹತ್ತಿರ ತಪಾಸಣೆ ಇತ್ತು. ಮನೆಗೆ ಬಂದ ಮೇಲೆ ಡಾಕ್ಟರು ಏನಂದರೆಂದು ಅತ್ತೆ ಕೇಳಿದರು. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆ ಡಾಕ್ಟರಮ್ಮನ ಮೂಗುದನಿಯಲ್ಲೇ ವರದಿ ಒಪ್ಪಿಸಿದೆ.

"ಒಳ್ಳೇ ಸುದ್ದಿ, ನಿಮ್ಮ ಮಗು ಉರುಳ್ತಾ ಇದೆ. ಕೆಟ್ಟ ಸುದ್ದಿ, ನಿಮ್ಮ ಮಗು ಉರುಳ್ತಾ ಇದೆ. ಇವತ್ತಿಂದ ಬಟ್ಟೇಲಿ ಕೈಕಟ್ಟಿ ಸುತ್ತೋದು ಬಂದ್. ಮಲಗಿಸೋವಾಗ ಯಾವಾಗ್ಲೂ ಅಂಗಾತ. ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾದ ಒಂದು ಶೀಟು, ಅಷ್ಟೇ. ದಿಂಬಿಲ್ಲ, ಹೊದಿಕೆ ಇಲ್ಲ, ಗೊಂಬೆ ಇಲ್ಲ. ಮಗುಚಿಕೊಂಡಿದ್ದು ಕಂಡರೆ ಸದ್ಯಕ್ಕೆ ತಿರುಗಿಸಿ. ಬೋರಲಿಂದ ಅಂಗಾತಕ್ಕೂ ತಾನೇ ಬರೋದು ಚೆನ್ನಾಗಿ ಕಲಿತ ಮೇಲೆ, ಅಂಗಾತ ಮಲಗಿಸಿ, ಆಮೇಲೆ ಅದು ಹೇಗೆ ಮಲಗಿದ್ರೂ ಬಿಟ್ಬಿಡಿ."

ಅತ್ತೆ ಮೊದಲರ್ಧಕ್ಕೆ ನಕ್ಕರು. ಕೊನೆಗೆ ಕೇಳಿದರು, "ಕೌದಿನೂ ಬ್ಯಾಡೇನು?"

ಆ ಕೌದಿಯನ್ನು ಅವರು ಧಾರವಾಡದಲ್ಲಿ ಕೂತು ಮೊಮ್ಮಗನಿಗೆಂದೇ ಹೊಲಿದಿದ್ದರು. ತಮ್ಮ ಅವ್ವನ ಇಳಕಲ್ ಸೀರೆ ಮೇಲ್ಪದರ, ತಮ್ಮವೇ ಶಾಲೆಯ ದಿನದ ಕಾಟನ್ ಸೀರೆಗಳು ಒಳಗೆ. ಸೂಟ್‌ಕೇಸಿನಲ್ಲಿ ಅರ್ಧ ಜಾಗ ಅದಕ್ಕೇ ಹೋಗಿತ್ತು.

"ಕ್ರಿಬ್‌ನ್ಯಾಗ ಬ್ಯಾಡ ಅವ್ವಾ," ಅಂದಳು ಮಾಳವಿಕಾ.

"ನಿನಗ ಹೊಚ್ಚಿದ್ದೆ, ರೇಣುಗ ಹೊಚ್ಚಿದ್ದೆ. ಇಬ್ಬರೂ ಗುಂಡಕಲ್ಲಿನಂಗ ಇದ್ದೀರಿ."

ಮಾಳವಿಕಾ ಆಸ್ಪತ್ರೆಯಲ್ಲಿ ರೆಸ್ಪಿರೇಟರಿ ಥೆರಪಿಸ್ಟು. ಉಸಿರೇ ಅವಳ ಉದ್ಯೋಗ. "ಉಳದವರಷ್ಟ ಹೇಳ್ತಾರವ್ವಾ, ನಮಗೇನೂ ಆಗಲಿಲ್ಲಂತ," ಅಂದಳು ಮೆತ್ತಗೆ. ಅತ್ತೆ ಕೌದಿಯನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದರು.

ಶನಿವಾರ ಮಧ್ಯಾಹ್ನ ಮಾಳವಿಕಾ ಮಗುವನ್ನು ಮಹಡಿಯ ಕೋಣೆಯಲ್ಲಿ, ಸುತ್ತ ಕಂಬಿಗಳಿರುವ ಖಾಲಿ ಕ್ರಿಬ್‌ನಲ್ಲಿ ಅಂಗಾತ ಮಲಗಿಸಿ, ತುಪ್ಪ ಮುಗಿದಿದೆಯೆಂದು ಕ್ಯಾಂಟನ್‌ನ ಇಂಡಿಯನ್ ಅಂಗಡಿಗೆ ಹೋದಳು. ಅತ್ತೆ ಹೂರಣ ತುಂಬಿ ಲಟ್ಟಿಸುತ್ತಿದ್ದರು, ನಾನು ತವೆಯ ಉಸ್ತುವಾರಿ. ಮೈದಾ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಲಿಸ್ಲ್‌ನಿಂದ ರೇಣು ಉಪದೇಶ ಕೊಡುತ್ತಿದ್ದಳು.

"ಅವ್ವಾ, ಅಳಿಯಂದಿರ ಕೈಗೆ ಮಗುಚುವ ಕೈ ಯಾಕ ಕೊಟ್ಟಿ. ಹರೀತಾರ ನೋಡು."

"ಕಾರು ಮಗುಚೋನಿಗೆ ಹೋಳಿಗೆ ಯಾವ ಲೆಕ್ಕ," ಎಂದು ಮೊದಲನೆಯದನ್ನು ತಿರುವಲು ಹೋದವನು, ಪಕ್ಕದಲ್ಲಿದ್ದ, ಮಗುವಿನ ಕೋಣೆ ತೋರಿಸುವ ಮಾನಿಟರಿನ ಕಡೆ ಸುಮ್ಮನೆ ನೋಡಿದೆ.

ಕ್ರಿಬ್‌ನ ಬಲಗಡೆ ಉದ್ದಕ್ಕೂ ದಪ್ಪನೆಯ ಸುರುಳಿಯೊಂದಿತ್ತು. ಇಶಾನ್ ಆ ಕಡೆಗೇ ಮಗುಚಿಕೊಂಡಿದ್ದ. ಅವನ ಮುಖ ಕಾಣುತ್ತಿರಲಿಲ್ಲ. ಕಾಲು ಒದೆಯುತ್ತಿದ್ದ. ಸದ್ದು ಮಾತ್ರ ಇರಲಿಲ್ಲ.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಕೌದಿಯ ಮಡಿಕೆಯಲ್ಲಿ ಹೂತಿದ್ದ ಮುಖವನ್ನು ಎತ್ತಿ ತಿರುಗಿಸಿದಾಗ ಅವನು ಕೆಂಪಗಿದ್ದ. ಬಾಯಿ ತೆರೆದ. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಅತ್ತ. ನಾನು ಕೇಳಿದ ಸದ್ದನ್ನೆಲ್ಲ ಮಾಡಿ ತೋರಿಸುವವನು. ಆ ಅಳುವನ್ನು ಮಾತ್ರ ಇವತ್ತಿನವರೆಗೆ ಮಾಡಿಲ್ಲ. ಅದು ಬಂತಲ್ಲ ಎಂದು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕೆಳಗೆ ತವೆಯ ಮೇಲೆ ಹೋಳಿಗೆ ಸೀದು ಸ್ಮೋಕ್ ಅಲಾರ್ಮ್ ಕಿರುಚುತ್ತಿತ್ತು. ಒಲೆ ಆರಿಸಿ ಬಂದ ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತರು.

"ಬಲಕ್ಕಷ್ಟ ಹೊಳ್ಳತಾನಂತ, ಆಕಿ ಅಂಗಡಿಗೆ ಹೋದ ಮ್ಯಾಲ ಕೌದಿ ಸುತ್ತಿ ಬಲಕ್ಕ ಗ್ವಾಡಿ ಕಟ್ಟಿದೆ," ಅಂದರು. "ಹೊಳ್ಳಬಾರದಂತ ಇಟ್ಟದ್ದು. ಲೆಕ್ಕ ಸರಿ ಇತ್ತಲ್ಲ, ಅಂದಕೊಂಡೆ." ಅವರೇ ಮುಂದೆ ಬಂದು ಕೌದಿಯನ್ನು ಹೊರಗೆಳೆದರು. ಇಳಕಲ್ ಅಂಚಿಗೆ ಹಿಟ್ಟು ಮೆತ್ತಿಕೊಂಡಿತು.

ಮಾಳವಿಕಾ ಬರುವ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಸೊಗಸಾದ ಸುಳ್ಳು ಸಿದ್ಧವಾಗಿತ್ತು. ಅದು ಬಳಕೆಗೆ ಬರಲಿಲ್ಲ. ಅವಳು ಚಪ್ಪಲಿ ಬಿಡುವ ಮೊದಲೇ ಅತ್ತೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಾಳವಿಕಾ ಮಗುವಿನ ಎದೆಗೆ ಕಿವಿಯಿಟ್ಟು, ತುಟಿ, ಉಗುರು ನೋಡಿದಳು. ಡಾಕ್ಟರ ಆಫೀಸಿಗೆ ಫೋನ್ ಮಾಡಿ, ಅವರು ಕರೆದರೆಂದು ಹೋಗಿ ತೋರಿಸಿಕೊಂಡು ಬಂದೆವು. ಏನೂ ಆಗಿರಲಿಲ್ಲ.

"ನಾ ಸೋಮವಾರ ಹೋಗೂದಿಲ್ಲ," ಅಂದಳು ಮಾಳವಿಕಾ. ಅತ್ತೆಯ ಮುಖ ನೋಡಿ ಹೇಳಲಿಲ್ಲ.

"ಹೋಗಬ್ಯಾಡ," ಅಂದರು ಅತ್ತೆ. "ನಾ ಕಲಿಯೂ ತನಕ ಹೋಗಬ್ಯಾಡ. ಕಲಿಸು. ಕಲ್ತಿಲ್ಲಂತ ಅನ್ನಿಸಿದರ, ಡೇಕೇರಿಗೆ ಹಾಕು. ನಾ ಸಿಟ್ಟಾಗೂದಿಲ್ಲ."

ಜಗಳಕ್ಕೆ ಹಿಡಿದಿಟ್ಟ ಉಸಿರನ್ನು ಮಾಳವಿಕಾ ನಿಧಾನಕ್ಕೆ ಬಿಟ್ಟಳು. ಇನ್ನೂ ಒಂದು ವಾರ ರಜೆ ಕೇಳಿದಳು, ಸಿಕ್ಕಿತು.

ಉಳಿದ ಹೂರಣ ಫ್ರೀಜರಿಗೆ ಹೋಯಿತು. "ಒಂದ ಮಗ್ಗಲಾ ಬೆಂದದ್ದು ಹೋಳಿಗಿ ಅಲ್ಲ," ಎಂದು ಅತ್ತೆ ತೀರ್ಪು ಕೊಟ್ಟರು. "ಡಬ್ಬ ಬಿದ್ದಾಂವ ತಾನ ಅಂಗಾತ ಆಗಲಿ. ಆವಾಗ ಮಾಡೂಣು." ಡಾಕ್ಟರು ಮೂಗಿನಲ್ಲಿ ಹೇಳಿದ್ದನ್ನು ಅತ್ತೆ ತವೆಯಲ್ಲಿ ಹೇಳಿದ್ದರು.

ಕೌದಿ ಹಾಲ್‌ನ ನೆಲಕ್ಕಿಳಿಯಿತು. ಮಗು ಎಚ್ಚರವಿದ್ದಾಗ, ಯಾರಾದರೂ ಎದುರಿಗೆ ಕೂತಾಗ ಮಾತ್ರ ಅದರ ಮೇಲೆ ಬೋರಲು ಆಟ. ಅತ್ತೆ ತಾವೂ ಮಂಡಿ ಶಪಿಸುತ್ತ ಪಕ್ಕದಲ್ಲಿ ಬೋರಲು ಮಲಗಿ ಪಾಠ ಶುರುಮಾಡಿದರು. ವಿದ್ಯಾರ್ಥಿ ಕತ್ತೆತ್ತುತ್ತಿದ್ದ, ಸಿಟ್ಟಾಗುತ್ತಿದ್ದ, ಅಳುತ್ತಿದ್ದ. ತಿರುಗುತ್ತಿರಲಿಲ್ಲ. ನಿದ್ದೆ ಬಂದರೆ ಎತ್ತಿ ಕ್ರಿಬ್‌ಗೆ, ಅಂಗಾತ. ಪ್ರತಿ ಸಲ ಮಲಗಿಸಿದ ಮೇಲೂ ಅತ್ತೆ ಖಾಲಿ ಹಾಸಿಗೆಯ ಮೇಲೆ ಒಮ್ಮೆ ಕೈಯಾಡಿಸಿ ನೋಡುತ್ತಿದ್ದರು.

ಗುರುವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅತ್ತೆ ಕೌದಿಯ ಬಲಗಡೆ ಕೂತು, "ಬಾ ಕೂಸ, ನನ್ನ ಕಡೆ ನೋಡು," ಎನ್ನುತ್ತಿದ್ದರು. ನಾನು ಕಾಫಿಗೆಂದು ಬಂದವನು ಎಡಗಡೆ, ಸೋಫಾದ ಹಿಂದೆ ಕುಕ್ಕರಗಾಲಲ್ಲಿ ಕೂತು ಅದೇ ದನಿಯಲ್ಲಿ ಅಂದೆ, "ಬಾ ಕೂಸ, ನನ್ನ ಕಡೆ ನೋಡು."

ಬೋರಲು ಮಲಗಿದ್ದ ಇಶಾನ್ ಬಲಕ್ಕೆ ನೋಡಿದ. ಅಜ್ಜಿ ಅಲ್ಲಿದ್ದಳು. ಎಡಕ್ಕೆ ಕತ್ತು ತಿರುಗಿಸಿದ, ಅಲ್ಲೂ ಅಜ್ಜಿಯ ದನಿ. ಇದೇನಿದೆಂದು ಇನ್ನೂ ತಿರುಗಿದ, ತಲೆಯ ಭಾರಕ್ಕೆ ಹೆಗಲು, ಹೆಗಲಿನ ಹಿಂದೆ ಸೊಂಟ ಬಂತು. ಚಾವಣಿ ನೋಡುತ್ತ ಅಂಗಾತ ಬಿದ್ದ. ಯಾರ ಮೇಲೆ ಅಳುವುದೆಂದು ತೋಚದೆ ಮುಷ್ಟಿ ಚೀಪಿದ.

"ಅವನೌನ, ಹೊಳ್ಳಿದ," ಅಂದರು ಅತ್ತೆ. ಆಮೇಲೆ ನಿಧಾನಕ್ಕೆ ಸೋಫಾದ ಕಡೆ ನೋಡಿದರು. "ಅಳಿಯಂದಿರ, ಅದು ಯಾರ ದನಿ?"

"ಧಾರವಾಡದ್ದು, ಅತ್ತೆ."

"ಎಷ್ಟ ದಿನದಿಂದ ನಡದದ ಈ ಧಂದೆ?"

ಅಡಿಗೆಮನೆಯಲ್ಲಿ ಮಾಳವಿಕಾ, ಸೆರಗಿಲ್ಲವೆಂದು, ಪಾತ್ರೆ ಒರೆಸುವ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಳು.

ಒಮ್ಮೆ ಬಂದ ವಿದ್ಯೆ ಹೋಗಲಿಲ್ಲ. ವಾರಾಂತ್ಯದ ಹೊತ್ತಿಗೆ ಎರಡೂ ಕಡೆ ಸಲೀಸಾಗಿ ಉರುಳಿದ. ಸೋಮವಾರ ಮಾಳವಿಕಾ ಕೆಲಸಕ್ಕೆ ಹೋದಳು. ಕಾರಿನಲ್ಲಿ ಕೂತು ಬಹಳ ಹೊತ್ತು ಗ್ಯಾರೇಜಿನಲ್ಲೇ ಇದ್ದಳು, ಆಮೇಲೆ ಹೋದಳು.

ಮಧ್ಯಾಹ್ನ ನಾನು ಬೇಸ್‌ಮೆಂಟಿನಲ್ಲಿ ಮೀಟಿಂಗಿನಲ್ಲಿದ್ದೆ, ಮಾನಿಟರ್ ಪಕ್ಕದಲ್ಲಿತ್ತು. ಅತ್ತೆ ಅವನನ್ನು ಅಂಗಾತ ಮಲಗಿಸಿದರು. ನಿದ್ದೆಯಲ್ಲೇ ಅವನು ಮಗುಚಿಕೊಂಡ, ಕೆನ್ನೆಯನ್ನು ಪಕ್ಕಕ್ಕಿಟ್ಟು, ಕುಂಡೆ ಮೇಲೆತ್ತಿ, ಹಾಯಾಗಿ. ಸುತ್ತ ಏನೂ ಇರಲಿಲ್ಲ, ಬಿಗಿದ ಶೀಟೊಂದೇ. ಕುರ್ಚಿಯಲ್ಲಿದ್ದ ಅತ್ತೆಯ ಕೈ ಅವನನ್ನು ತಿರುಗಿಸಲು ಮೇಲೆದ್ದಿತು. ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಹಿಂದೆ ಬಂದು ಇನ್ನೊಂದು ಕೈಯನ್ನು ಹಿಡಿದುಕೊಂಡಿತು. ಮೀಟಿಂಗಿನಲ್ಲಿ ಯಾರೋ ನನ್ನನ್ನು ಏನೋ ಕೇಳಿದರು. "ಥ್ಯಾಂಕ್ಯೂ," ಅಂದೆ. ಅದು ಉತ್ತರವಾಗಿರಲಿಲ್ಲ.

ಸಂಜೆ ಮಾಳವಿಕಾ ಬಾಗಿಲು ತೆಗೆದಾಗ ಮನೆಯೆಲ್ಲ ತುಪ್ಪದ ಘಮ. ತವೆಯ ಮುಂದೆ ಅತ್ತೆ ಹೋಳಿಗೆಯ ಎರಡನೇ ಮಗ್ಗುಲು ನೋಡುತ್ತಿದ್ದರು, ಮಗು ನನ್ನ ತೋಳಲ್ಲಿತ್ತು. ಅವಳು ಕೋಟನ್ನೂ ತೆಗೆಯದೆ ಕೇಳಿದಳು, "ಹೆಂಗಿದ್ದ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸಟ್ಟುಗವನ್ನು ಮೈಕಿನಂತೆ ಹಿಡಿದು, ಗಂಟಲು ದಪ್ಪ ಮಾಡಿ, ನನ್ನದೇ ಮೈಸೂರು ರಾಗದಲ್ಲಿ ಹೇಳಿದರು.

"ಏರ್‌ಬ್ಯಾಗ್ ಓಪನ್ ಆಗ್ಲಿಲ್ಲ. ಡ್ರೈವರ್ ಸೇಫ್."

ಈ ಸಲ ಮಾಳವಿಕಾ ನಕ್ಕಳು. ನಗುತ್ತಲೇ ಹೋಗಿ ಅವ್ವನ ಬೆನ್ನಿಗೆ ಹಣೆಯಿಟ್ಟು ನಿಂತಳು, ತವೆಯ ಮೇಲಿದ್ದ ಹೋಳಿಗೆ ಇಳಿಯುವ ತನಕ.