ಎಡಚನ ಕೈ ಕಂಡದ್ದು

ಅಣ್ಣ ಹೊಡೆದದ್ದು ಹಿಂದಿನಿಂದ. ಕುರಿ ನೇತುಹಾಕುವ ಕಬ್ಬಿಣದ ಅಡ್ಡಕೋಲು ತಮ್ಮನ ತಲೆಯ ಹಿಂಭಾಗಕ್ಕೆ, ಬಲಗಿವಿಯಿಂದ ನಾಲ್ಕು ಬೆರಳು ಹಿಂದೆ ಬಿತ್ತು. ತಮ್ಮ ಎದುರಿಗಿದ್ದ ಸುಲಿದ ಕುರಿಯನ್ನು ತಬ್ಬಿಕೊಂಡು, ಅದರ ಜೊತೆಗೇ ಮೇಲಿನ ಕಂಬಿಗುಂಟ ಎರಡು ಮಾರು ಜಾರಿ, ನೀರೂ ರಕ್ತವೂ ಕಲಸಿಹೋಗಿದ್ದ ನೆಲಕ್ಕೆ ಮುಖ ಅಡಿಯಾಗಿ ಬಿದ್ದ. ಕುರಿ ಮೇಲೇ ಉಳಿಯಿತು, ತೂಗುತ್ತ.

ಎಡಗೈಯಲ್ಲಿ ಚೂರಿ ಹಿಡಿಯುತ್ತಿದ್ದವನಾದ್ದರಿಂದ ತಮ್ಮ ಕಸಾಯಿಖಾನೆಗೆಲ್ಲ ಎಡಚ. ಅಲ್ಲಿ ಕುರಿ ಯಂತ್ರದಿಂದ ಸರಿಯುವ ಕಂಬಿಗೆ ತಲೆಕೆಳಗಾಗಿ ನೇತುಬಿದ್ದು ಒಬ್ಬರಿಂದ ಒಬ್ಬರಿಗೆ ಸಾಗುತ್ತಿತ್ತು. ಕತ್ತು ಕೊಯ್ಯುವವನು ಅಣ್ಣ. ಆಮೇಲೆ ಕಾಲು ಕತ್ತರಿಸುವವನು, ಚರ್ಮ ಸುಲಿಯುವ ಇಬ್ಬರು, ಅವರ ನಂತರ ಹೊಟ್ಟೆ ಸೀಳುವ ಎಡಚ. ಅಣ್ಣನ ಕೈ ಕುಡಿತಕ್ಕೆ ನಡುಗಲು ಶುರುವಾಗಿ ವರ್ಷವಾಗಿತ್ತು. ಆ ದಿನ ಎಡಚನ ಮುಂದೆ ಬಂದು ನಿಂತ ಕುರಿ, ಚರ್ಮವೆಲ್ಲ ಹೋಗಿ ಬರೀ ಕೆಂಪಾಗಿದ್ದ ಕುರಿ, ಉಸಿರಾಡುತ್ತಿತ್ತು. ಬೆಳಗಿನಿಂದ ಅದು ಮೂರನೆಯದು. ಎಡಚ ಅದರ ಕತ್ತನ್ನು ತಾನೇ ಮುಗಿಸಿ, ನೆಟ್ಟಗೆ ಅಣ್ಣನ ಹತ್ತಿರ ನಡೆದು, ಅವನ ಕೈಯಿಂದ ಚೂರಿ ಕಿತ್ತು ಚರಂಡಿಗೆ ಎಸೆದ. ಮನೆಗೆ ಹೋಗಿ ಮಲಗು ಎಂದಷ್ಟೇ ಹೇಳಿ ತಿರುಗಿದ. ಆ ಕೆಲಸದವನ ಕೈಯಿಂದ ಎಲ್ಲರೆದುರು ಚೂರಿ ಕಸಿಯುವುದೆಂದರೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ತಿರುಗಿ ತನ್ನ ಜಾಗಕ್ಕೆ ಬಂದು ನಿಂತವನ ತಲೆಗೆ ಅಡ್ಡಕೋಲು ಬಿತ್ತು.

ಆಸ್ಪತ್ರೆಯಲ್ಲಿ ಎಡಚ, ಕಾಲು ಜಾರಿ ಬಿದ್ದೆ ಎಂದು ಬರೆಸಿದ. ಮನೆಯ ಕಸವನ್ನು ಬೀದಿಗೆ ಹಾಕಬಾರದು ಎಂದಲ್ಲ. ತಾನು ಮೊದಲು ಚೂರಿ ಕಸಿದವನು ಎಂಬುದು ಅವನಿಗೆ ಗೊತ್ತಿತ್ತು.

ಗಾಯ ಒಣಗಿತು. ಆದರೆ ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯತೊಡಗಿತು. ಬಾಗಿಲು ದಾಟುವಾಗಲೆಲ್ಲ ಎಡ ಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಕನ್ನಡಕದ ಅಂಗಡಿಯವನು ಎರಡು ಸಲ ನೋಡಿ, ಕಣ್ಣು ಹದಿನಾರು ವರ್ಷದ ಹುಡುಗನ ಕಣ್ಣಿನ ಹಾಗಿದೆ ಎಂದ. ಕೊನೆಗೆ ನರರೋಗದ ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದಳು. ಕಣ್ಣಿಗೆ ಏನೂ ಆಗಿಲ್ಲ. ನೋಡುವುದು ಕಣ್ಣಲ್ಲ, ತಲೆಯ ಹಿಂಭಾಗದ ಮಿದುಳು. ಏಟು ಬಿದ್ದದ್ದು ಅಲ್ಲಿಗೇ. ಬಲಗಡೆಯ ಮಿದುಳು ಎಡಗಡೆಯ ಲೋಕವನ್ನು ನೋಡುತ್ತಿತ್ತು, ಈಗ ಆ ಜಾಗ ಸತ್ತಿದೆ. ಅಲ್ಲಿ ಕೋಟಿಗಟ್ಟಲೆ ನರಕೋಶಗಳು ಕೆಲಸಕ್ಕೆ ಕೂತಿರುತ್ತವೆ, ಒಂದೊಂದಕ್ಕೂ ಒಂದೊಂದೇ ಕೆಲಸ. ಒಂದು ಕೋಶ, ನಿಂತ ಗೆರೆ ಕಂಡರೆ ಮಾತ್ರ ಮಿಡಿಯುತ್ತದೆ, ಗೆರೆ ಸ್ವಲ್ಪ ವಾಲಿದರೂ ಅದು ಸುಮ್ಮನಾಗಿ ಪಕ್ಕದ್ದು ಏಳುತ್ತದೆ. ಇನ್ನೊಂದು, ಎಡದಿಂದ ಬಲಕ್ಕೆ ಏನಾದರೂ ಸರಿದರೆ ಮಾತ್ರ. ಅದೇ ವಸ್ತು ಬಲದಿಂದ ಎಡಕ್ಕೆ ಹೋದರೆ ತನಗೆ ಸಂಬಂಧವೇ ಇಲ್ಲವೆಂಬಂತೆ ಇರುತ್ತದೆ.

ಎಡಚನಿಗೆ ಇದು ಥಟ್ಟನೆ ಅರ್ಥವಾಯಿತು. ಕತ್ತಿನವನಿಗೆ ಕತ್ತು, ಕಾಲಿನವನಿಗೆ ಕಾಲು, ತನಗೆ ಹೊಟ್ಟೆ.

"ನಮ್ಮ ಸಾಲಿನ ಹಾಗೇ ಅನ್ನಿ," ಎಂದ. "ಹಾಗಾದ್ರೆ ಇಡೀ ಕುರಿ ನೋಡೋರು ಯಾರು?"

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಅದನ್ನೇ ನಾವೂ ಹುಡುಕ್ತಾ ಇದ್ದೀವಿ. ಸಿಕ್ಕರೆ ನಿಮಗೇ ಮೊದಲು ಹೇಳ್ತೀನಿ."

ಆಮೇಲೆ ಅವಳೊಂದು ಆಟ ಆಡಿಸಿದಳು. ಎದುರಿನ ಗೋಡೆಯ ಕೆಂಪು ಚುಕ್ಕೆಯನ್ನೇ ನೋಡುತ್ತಿರಬೇಕು. ಎಡಗಡೆ, ಅವನಿಗೆ ಕಾಣದ ಕಡೆ, ಒಂದು ತಿರುಗುವ ಹಲಗೆ. ಅದರಲ್ಲಿ ಅಂಚೆಪೆಟ್ಟಿಗೆಯ ಬಾಯಿಯಂಥ ಸೀಳು. ಸೀಳು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ, ಒಮ್ಮೆ ಓರೆ. ಅವನ ಕೈಗೊಂದು ರಟ್ಟು ಕೊಟ್ಟು ಅದರೊಳಗೆ ತೂರಿಸು ಎಂದಳು. ಕುರುಡನ ಕೈಯಲ್ಲಿ ಸೂಜಿಗೆ ದಾರ ಹಾಕಿಸುವ ಹುಚ್ಚು ಎಂದು ಎಡಚನಿಗೆ ಸಿಟ್ಟು ಬಂತು. ಅಲ್ಲಿ ಹಲಗೆಯೂ ಇಲ್ಲ, ಗೋಡೆಯೂ ಇಲ್ಲ, ಕತ್ತಲೆ ಕೂಡ ಇಲ್ಲ. ಬೆನ್ನ ಹಿಂದೆ ಏನಿದೆ ಎಂದು ಕಣ್ಣಿಗೆ ಹೇಗೆ ಗೊತ್ತಿಲ್ಲವೋ ಹಾಗೆ. ಕೇಳಿದಳಲ್ಲ ಎಂದು ಬಾಯಿಗೆ ಬಂದಂತೆ ಬೈಯುವ ಬದಲು ಕೈಗೆ ಬಂದಂತೆ ತೂರಿಸಿದ. ಐವತ್ತರಲ್ಲಿ ನಲವತ್ತೊಂದು ಸಲ ರಟ್ಟು ಸೀಳಿನೊಳಗೆ ಹೋಗಿತ್ತು. ಕೈ ದಾರಿಯಲ್ಲೇ ತಿರುಗಿಕೊಳ್ಳುತ್ತಿತ್ತಂತೆ, ಸೀಳಿನ ಓರೆಗೆ ಸರಿಯಾಗಿ.

ಕಣ್ಣಿನಿಂದ ಮಿದುಳಿಗೆ ಇರುವ ಹೆದ್ದಾರಿ ಮುರಿದಿದೆ, ಆದರೆ ಒಂದೆರಡು ಕಾಲುದಾರಿ ಉಳಿದಿವೆ ಎಂದಳು ಡಾಕ್ಟರಮ್ಮ. ಅವು ಕೈಗೆ ಸುದ್ದಿ ಮುಟ್ಟಿಸುತ್ತವೆ, ನಿಮಗೆ ಮುಟ್ಟಿಸುವುದಿಲ್ಲ. ಹಾಗೆಂದು ಇನ್ನು ಚೂರಿ ಮುಟ್ಟಬೇಡಿ.

ಚೂರಿ ಬಿಟ್ಟರೆ ಎಡಚನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅವನು ಮೇಸ್ತ್ರಿಗೆ ಏನೂ ಹೇಳಲಿಲ್ಲ. ಕುರಿಗಳು ಬರುತ್ತಿದ್ದದ್ದು ಬಲದಿಂದ. ಹೊಟ್ಟೆಯ ಕೆಲಸ ಕಣ್ಣಿಗಿಂತ ಬೆರಳಿನದು: ತೊಡೆಯ ಸಂದಿಯಲ್ಲಿ ಚೂರಿಯ ತುದಿ ಇಟ್ಟು, ಎರಡು ಬೆರಳು ಒಳಗಿಳಿಸಿ ಕರುಳನ್ನು ಹಿಂದಕ್ಕೆ ಒತ್ತಿಹಿಡಿದು, ಸ್ವಲ್ಪ ಓರೆಯಲ್ಲಿ ಎಳೆಯಬೇಕು. ಕರುಳಿಗೆ ಗೀರು ಬಿದ್ದರೆ ಇಡೀ ಮಾಂಸ ಹಾಳು. ಹನ್ನೊಂದು ತಿಂಗಳಲ್ಲಿ ಒಂದೂ ಹಾಳಾಗಲಿಲ್ಲ.

ಅವನನ್ನು ಕಾಪಾಡಿದ್ದು ಅಲ್ಲಿಯ ಒಂದು ಕಟ್ಟಳೆ. ಚೂರಿ ಹಿಡಿದವನ ಹಿಂದಿನಿಂದಲೋ ಪಕ್ಕದಿಂದಲೋ ಹಾಯುವವನು ಯಾರೇ ಇರಲಿ, "ಬೆನ್ನು" ಎಂದು ಕೂಗಿಯೇ ಹಾಯಬೇಕು. ಕೂಗದೆ ಬಂದು ಕೊಯ್ಯಿಸಿಕೊಂಡರೆ ತಪ್ಪು ಕೊಯ್ಯಿಸಿಕೊಂಡವನದು. ಕಾಣದ ಎಡ ಅರ್ಧವನ್ನು ಎಡಚ ಕಿವಿಗೆ ಒಪ್ಪಿಸಿಬಿಟ್ಟಿದ್ದ.

ಆದರೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಒಂದೇ ಗೋಡೆಯ ಆಚೆ ಈಚೆ ಮನೆ. ನಲ್ಲಿ ನಿಲ್ಲಿಸು ಎನ್ನಬೇಕಾದರೂ ಅತ್ತಿಗೆಯೇ ನಡುವೆ ಓಡಾಡಬೇಕು. ನಿಮ್ಮಿಬ್ಬರ ಬಾಯಿ ಬಾಡಿಗೆಗೆ ಕೊಟ್ಟು ನನ್ನ ನಾಲಿಗೆ ಸವೆಸ್ತೀರಾ ಎಂದು ಅವಳು ಗೊಣಗುತ್ತಿದ್ದಳು. ಅಣ್ಣ ಸಾಲಿನುದ್ದಕ್ಕೂ ಎಲ್ಲರ ಹಿಂದೆಯೂ "ಬೆನ್ನು, ಬೆನ್ನು" ಎನ್ನುತ್ತ ಬಂದು, ಎಡಚನ ಹತ್ತಿರ ಬಂದಾಗ ಬಾಯಿ ಮುಚ್ಚುತ್ತಿದ್ದ. ಕೂಗಿದರೆ ತಾನೇ ಮೊದಲು ಮಾತಾಡಿದ ಹಾಗಾಯಿತಲ್ಲ. ಎಡಚನೂ ಅಷ್ಟೇ. ಇದು ಎಲ್ಲರಿಗೂ ತಿಳಿದಿತ್ತು, ನಗುತ್ತಲೂ ಇದ್ದರು. ತಮ್ಮನಿಗೆ ಎಡಗಡೆ ಇಲ್ಲವೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಆ ಬೆಳಿಗ್ಗೆ ಎಡಚ ಒಂದು ಹೊಟ್ಟೆ ಮುಗಿಸಿ ಮುಂದಿನದಕ್ಕೆ ಕಾಯುತ್ತಿದ್ದ. ಕಣ್ಣು ಬಲಕ್ಕೆ, ಸುಲಿಯುವವರ ಕಡೆಗೆ. ಮುಂದೆ ಅವನಿಗೆ ಗೊತ್ತಾದದ್ದು ತನ್ನ ಎಡಗೈ ಮುಂಗೈವರೆಗೂ ಬೆಚ್ಚಗಾಗಿದೆ ಎಂಬುದು. ಕತ್ತು ತಿರುಗಿಸಿದ. ಅಣ್ಣ ಅವನ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಿದ್ದ, ಕೈ ತೊಳೆಯಲು ಹೊರಟವನು, ರಬ್ಬರಿನ ಮೇಲಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ. ಅವನ ಕಿಬ್ಬೊಟ್ಟೆಯಿಂದ ಹೊಕ್ಕುಳವರೆಗೆ ಬಾಯಿ ತೆರೆದಿತ್ತು. ಮೊದಲು ರಕ್ತ ಬರಲಿಲ್ಲ, ಬಿಳಿಯ ಕೊಬ್ಬು ಕಂಡಿತು, ಅದರ ಹಿಂದೆ ಬೂದುಬಣ್ಣದ ಹೊಳಪು. ಆಮೇಲೆ ರಕ್ತ ಒಟ್ಟಿಗೇ ಬಂತು. ಅಣ್ಣ ಎರಡೂ ಕೈಯಿಂದ ತನ್ನನ್ನು ತಾನೇ ಮುಚ್ಚಿಕೊಳ್ಳಲು ನೋಡುತ್ತ ಮಂಡಿಯೂರಿದ. ಆಗಲೂ ಬಾಯಿ ಬಿಡಲಿಲ್ಲ.

ಎಡಚನೇ ಮೇಲಂಗಿ ಕಿತ್ತು ಅವನ ಹೊಟ್ಟೆಗೆ ಸುತ್ತಿದ. ಹಿಂದುಗಡೆ ಕಂಬಿ ನಿಲ್ಲಿಸುವುದನ್ನು ಯಾರೋ ಮರೆತಿದ್ದರು; ಕುರಿಗಳು ಬರುತ್ತಲೇ ಇದ್ದವು, ಒಂದರ ಹಿಂದೊಂದು ಬಂದು ಎಡಚನ ಬಗ್ಗಿದ ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದವು.

ಅಣ್ಣ ಬದುಕಿದ. ಆದರೆ ಅತ್ತಿಗೆ ಮೂರನೆಯ ದಿನ ಬಂದು ಹೇಳಿದ ಮಾತು ಎಡಚನ ಎದೆಯೊಳಗೆ ಮುಳ್ಳಿನಂತೆ ಉಳಿಯಿತು. ಶಸ್ತ್ರಕ್ರಿಯೆ ಮಾಡಿದ ಡಾಕ್ಟರು ಬೆರಗಾಗಿದ್ದರಂತೆ. ಎಲ್ಲೋ ನುಗ್ಗಿದ ಚೂರಿಯಲ್ಲ ಇದು, ಕಸುಬು ಬಲ್ಲವನು ಎಳೆದ ಗೆರೆ, ಕರುಳಿಗೆ ಒಂದು ಗೀರೂ ಇಲ್ಲ ಎಂದರಂತೆ. ಒಳ್ಳೆಯದಾಯಿತು, ಅದರಿಂದಲೇ ಜೀವ ಉಳಿಯಿತು ಎಂದಳು ಅತ್ತಿಗೆ, ಮೈದುನನ ಮುಖ ನೋಡದೆ.

ಪೊಲೀಸರು ಬಂದರು. ಕೂಗದೆ ಬಂದ, ಕೊಯ್ಯಿಸಿಕೊಂಡ, ಇದರಲ್ಲಿ ಕೇಳೋದೇನಿದೆ ಎಂದ ಮೇಸ್ತ್ರಿ. ಸಾಲಿನವರೆಲ್ಲ ಅದನ್ನೇ ಹೇಳಿದರು. ಅಣ್ಣ ಕೂಡ, ಮಾತಾಡಲು ಶಕ್ತಿ ಬಂದ ದಿನವೇ, ತಪ್ಪು ತನ್ನದೆಂದು ಬರೆಸಿದ. ಎಡಚನ ಆಸ್ಪತ್ರೆ ಚೀಟಿ ನೋಡಿ ಕರೆಸಿದ ಡಾಕ್ಟರಮ್ಮ ಮಾತ್ರ ಇನ್‌ಸ್ಪೆಕ್ಟರಿಗೆ ತಲೆನೋವಾದಳು. ಈತನಿಗೆ ಎಡಗಡೆ ಕಾಣುವುದಿಲ್ಲ, ನಿಜ. ಕಾಣದಿದ್ದರೂ ಕೈಗೆ ಗೊತ್ತಾಗಬಹುದು, ಅದೂ ನಿಜ. ಆ ದಿನ ಗೊತ್ತಾಗಿತ್ತೋ ಇಲ್ಲವೋ ಹೇಳಲು ತನ್ನಿಂದಾಗದು. ಇನ್‌ಸ್ಪೆಕ್ಟರ್ ಮೊದಲ ವಾಕ್ಯವನ್ನಷ್ಟೇ ಬರೆದುಕೊಂಡ. ನಾಳೆ ಆಸ್ಪತ್ರೆಯಲ್ಲೇ ಸಿಗು, ನನಗೆ ಕಾಣಲಿಲ್ಲ ಅಂತ ಒಂದು ರುಜು ಹಾಕು, ಕಡತ ಮುಚ್ಚಿಬಿಡೋಣ ಎಂದ. ರುಜು ಬಿದ್ದರೆ ಎಡಚ ಮನೆಗೆ, ಇಲ್ಲದಿದ್ದರೆ ಕೊಲೆಯತ್ನದ ಕೇಸಿನಲ್ಲಿ ಜೈಲಿಗೆ.

ಬೇಕೆಂದು ಮಾಡಿದೆನೇ? ಎಡಚ ಆ ದಿನವನ್ನು ನೂರು ಸಲ ತಿರುವಿಹಾಕಿದ. ಅಣ್ಣನ ಮೇಲೆ ಸಿಟ್ಟಿತ್ತು. ಕೊಯ್ಯುವ ಯೋಚನೆ ಇರಲಿಲ್ಲ. ಹಾಗೆಂದು ಆಣೆ ಮಾಡಲು ಹೊರಟರೆ, ರಟ್ಟು ತೂರಿಸುವಾಗಲೂ ಯೋಚನೆ ಇರಲಿಲ್ಲವಲ್ಲ ಎನಿಸುತ್ತಿತ್ತು. ಎಡಗೈಯನ್ನು ಬಲಗಡೆಗೆ ತಂದು ನೋಡುತ್ತಿದ್ದ. ಐದು ಬೆರಳು, ಹಳೆಯ ಗಾಯಗಳು.

ಮರುದಿನ ಮಧ್ಯಾಹ್ನ ಅಣ್ಣನ ವಾರ್ಡಿಗೆ ಹೋದ. ಅತ್ತಿಗೆ ಸೇಬು ಹೆಚ್ಚುತ್ತಿದ್ದಳು. ಅಣ್ಣ ಅವಳನ್ನು ಬಿಸಿನೀರು ತಾ ಎಂದು ಕಳಿಸಿ, ಮಂಚದ ಪಕ್ಕದ ಸ್ಟೂಲು ತೋರಿಸಿದ. ಅಲ್ಲಿ ಕೂತರೆ ಅಣ್ಣ ಎಡಚನಿಗೆ ಕಾಣದ ಎಡಗಡೆಗೆ ಬರುತ್ತಿದ್ದ.

"ನನಗೆ ನಿದ್ದೆ ಇಲ್ಲ ಕಣೋ," ಎಂದ ಅಣ್ಣ. ಹನ್ನೊಂದು ತಿಂಗಳ ಮೇಲೆ ಮೊದಲ ಮಾತು, ನಿನ್ನೆ ನಿಲ್ಲಿಸಿದ್ದನ್ನು ಮುಂದುವರಿಸಿದಂತಿತ್ತು. "ನಾನು ಹೊಡೆದ ಏಟಿಗೆ ನಿನ್ನ ಕಣ್ಣು ಹೋಗಿದೆ ಅಂತ ಆ ಪೊಲೀಸ್ನೋನು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ನೀನು ಬೇಕೂಂತ ಹಾಕಿದ್ದರೆ ಹೇಳಿಬಿಡು. ಇಬ್ಬರೂ ಸಮ ಆಗ್ತೀವಿ. ನಾನು ಸುಖವಾಗಿ ಮಲಗ್ತೀನಿ."

"ಕಾಣಲಿಲ್ಲ ಅಣ್ಣಾ."

"ಅಷ್ಟೂ ಕಾಣಲ್ವಾ?"

"ಏನೂ ಇಲ್ಲ."

ಅಣ್ಣ ಮಂಚದ ಮೇಲೆ ಮಗ್ಗುಲಾದ. "ನಿಮ್ಮತ್ತಿಗೆ ಬಂದಳಾ ನೋಡು," ಎಂದ.

ಎಡಚ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ; ಒಂದು ಬಿಳಿಯ ಪರದೆ, ಅದರ ಕೆಳಗೆ ಯಾರದೋ ಚಪ್ಪಲಿ. ಬಂದಿಲ್ಲ ಎನ್ನಲು ಬಾಯಿ ತೆರೆದಾಗ ಅವನ ಎಡಗೈ ಮೇಲೆದ್ದಿತ್ತು. ಏನೋ ಮುರಿದ ಸದ್ದು, ಒದ್ದೆ ಕಡ್ಡಿ ಮುರಿದ ಹಾಗೆ. ತಿರುಗಿದ. ಸೇಬಿನ ಚೂರಿ ಅವನ ಕೆನ್ನೆಯಿಂದ ಎರಡು ಬೆರಳು ಆಚೆ ನಿಂತಿತ್ತು, ಅದನ್ನು ಹಿಡಿದಿದ್ದ ಅಣ್ಣನ ಮಣಿಕಟ್ಟು ಎಡಚನ ಮುಷ್ಟಿಯೊಳಗಿತ್ತು, ಮಣಿಕಟ್ಟು ಬಾಗಬಾರದ ಕಡೆಗೆ ಬಾಗಿತ್ತು. ಚೂರಿ ಹಾಸಿಗೆಯ ಮೇಲೆ ಬಿತ್ತು. ಬಿಡು ಎಂದು ಎಡಚ ಕೈಗೆ ಹೇಳಿದ. ಅದು ಬಿಡಲು ಹೊತ್ತು ಹಿಡಿಯಿತು.

ಎದ್ದ ರಭಸಕ್ಕೆ ಅಣ್ಣನ ಹೊಲಿಗೆ ಬಿಚ್ಚಿ ಹೊದಿಕೆಯ ಮೇಲೆ ಕೆಂಪು ಹರಡುತ್ತಿತ್ತು. ನೋವಿಗೆ ಮುಖವೆಲ್ಲ ಬೆವರು. ಆ ಮುಖದಲ್ಲೇ ಅವನು ನಗುತ್ತಿದ್ದ.

"ಕಾಣಲ್ಲ ಅಂದೆಯಲ್ಲೋ," ಎಂದ. "ಕತ್ತೆ ನನ್ಮಗನೇ. ಹಾಕಿದ್ದು ನೀನೇ. ಸಮ ಆಯ್ತು ಬಿಡು."

ಬಿಸಿನೀರಿನ ಚೆಂಬು ಹಿಡಿದು ಬಂದ ಅತ್ತಿಗೆ ಹೊದಿಕೆ ನೋಡಿ ನರ್ಸನ್ನು ಕರೆಯಲು ಓಡಿದಳು. ನರ್ಸು ಬಂದು ಎಡಚನನ್ನು ಹೊರಗೆ ತಳ್ಳಿದಳು. ಬಾಗಿಲ ಚೌಕಟ್ಟು ಅವನ ಎಡ ಭುಜಕ್ಕೆ ಬಡಿಯಿತು. ಒಳಗೆ ಅಣ್ಣ ಇನ್ನೂ ನಗುತ್ತಿದ್ದ, ಇಲ್ಲವೇ ನರಳುತ್ತಿದ್ದ; ಹೊರಗಿನಿಂದ ಎರಡೂ ಒಂದೇ.

ಓಣಿಯ ಬೆಂಚಿನ ಮೇಲೆ ಇನ್‌ಸ್ಪೆಕ್ಟರ್ ಕೂತಿದ್ದ. ಕಾಗದ ಸಿದ್ಧವಾಗಿತ್ತು. ಒಳಗೇನು ಗಲಾಟೆ ಎಂದು ಕೇಳಿದ. ಉತ್ತರ ಬರುವ ಮೊದಲೇ ಕಾಗದವನ್ನು ಎಡಚನ ಬಲಕ್ಕೆ ಸರಿಸಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದ. ನನ್ನ ಅಣ್ಣ ಬಂದದ್ದು ನನಗೆ ಕಾಣಲಿಲ್ಲ. ಒಂದೇ ಸಾಲು.

ಎಡಚ ಎರಡು ಸಲ ಓದಿದ.

"ಇದು ನಿಜ," ಎಂದ. "ಇದರ ಕೆಳಗೆ ಇನ್ನೊಂದು ಸಾಲು ಬರೀರಿ ಸಾರ್, ಆಮೇಲೆ ರುಜು ಹಾಕ್ತೀನಿ."

"ಏನಂತ?"

"ಗೊತ್ತಿತ್ತು ಅಂತ."

ಇನ್‌ಸ್ಪೆಕ್ಟರ್ ಅವನನ್ನು ನೋಡಿದ, ಅವನ ಎಡಗೈಯನ್ನು ನೋಡಿದ. ಮುಚ್ಚಿದ್ದ ಪೆನ್ನನ್ನು ಮತ್ತೆ ತೆರೆದ.